ಸೈನ್ಯಕ್ಕೆ ಸೇರುವ ತರುಣನ ಎಲುಬು

ಇಂಡಿ ತಾಲ್ಲೂಕಿನ ಅಗರಖೇಡವು ಭೀಮಾನದಿಯ ದಡದಲ್ಲಿರುವ ಊರು. ಸುತ್ತಲೂ ಎರೆಭೂಮಿ, ಜೋಳದ ಹೊಲ, ಕಬ್ಬಿನ ಗದ್ದೆ, ನಿಂಬೆಯ ತೋಟ. ಈ ಭಾಗದ ಊರುಗಳಲ್ಲಿ ಕತ್ತಲೆ ಹರಿಯುವ ಮೊದಲೇ ಮಾರ್ಗಕ್ಕಿಳಿದರೆ, ಬರಿಗಾಲಿನಲ್ಲಿಯೋ ಸವೆದ ಬೂಟಿನಲ್ಲಿಯೋ ಓಡುತ್ತಿರುವ ತರುಣರು ಎದುರಾಗುವುದುಂಟು. ಅವರಲ್ಲಿ ಹಲವರ ಗುರಿ ಒಂದೇ: ಸೈನ್ಯಕ್ಕೆ ಭರ್ತಿಯಾಗುವುದು. ಭರ್ತಿಯ ಮೈದಾನದಲ್ಲಿ 1.6 ಕಿಲೋಮೀಟರು ಓಡಬೇಕು, ಕಂಬಿಗೆ ಜೋತು ಮೈಯನ್ನು ಹತ್ತು ಸಲ ಮೇಲೆತ್ತಬೇಕು, ಒಂಬತ್ತು ಅಡಿಯ ಕಂದಕವನ್ನು ಹಾರಬೇಕು. ಓಟದಲ್ಲಿ ಪೂರ್ಣ ಅಂಕ ಪಡೆಯಲು ಬಹುಕಾಲ ರೂಢಿಯಲ್ಲಿದ್ದ ಮಿತಿ ಐದೂವರೆ ನಿಮಿಷ. ಈ ಐದೂವರೆ ನಿಮಿಷಕ್ಕಾಗಿ ತರುಣರು ವರ್ಷಗಟ್ಟಲೆ ಶ್ರಮಿಸುತ್ತಾರೆ.

ಆದರೆ ಆಯ್ಕೆಯಾದೊಡನೆ ಕಷ್ಟ ಮುಗಿಯುವುದಿಲ್ಲ. ಅದು ನಿಜವಾಗಿ ಆರಂಭವಾಗುವುದು ತರಬೇತಿಯ ಕೇಂದ್ರದಲ್ಲಿ. ನಮ್ಮ ನಾಡಿನಲ್ಲಿಯೇ ಅಂತಹ ಕೇಂದ್ರಗಳು ಹಲವಿವೆ. ಮರಾಠಾ ಲಘು ಪದಾತಿದಳದ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದೆ. ವಾಯುಪಡೆಯ ಸಿಬ್ಬಂದಿಗೆ ಮೊದಲ ಶಿಕ್ಷಣವನ್ನು ಕೊಡುವ ಶಾಲೆಯೂ ಅಲ್ಲಿಯೇ, ಸಾಂಬ್ರಾದ ಬಳಿ ಇದೆ. ಮದ್ರಾಸ್ ಸ್ಯಾಪರ್ಸ್ ಎಂದು ಪ್ರಸಿದ್ಧರಾದ ಇಂಜಿನಿಯರ್ ದಳದವರ ಕೇಂದ್ರ ಬೆಂಗಳೂರಿನಲ್ಲಿದೆ. ನೌಕಾಪಡೆಗೆ ಆಯ್ಕೆಯಾದವರು ಒಡಿಶಾದ ಚಿಲ್ಕಾಕ್ಕೆ ಹೋಗಬೇಕು. 2022ರಲ್ಲಿ ಅಗ್ನಿಪಥ ಯೋಜನೆ ಜಾರಿಗೆ ಬಂದ ಮೇಲೆ ತರಬೇತಿಯ ಅವಧಿ ಮೊದಲಿಗಿಂತ ಕಿರಿದಾಗಿದೆ. ಕಲಿಯಬೇಕಾದುದು ಬಹಳ, ದಿನಗಳು ಕಡಿಮೆ. ಹೀಗಿರಲು ಈ ಕೆಲವು ತಿಂಗಳುಗಳಲ್ಲಿ ತರುಣನ ದೇಹದೊಳಗೆ ಏನು ನಡೆಯುತ್ತದೆ, ಅವನು ಯಾವ ಎಚ್ಚರಿಕೆಗಳಿಂದ ನಡೆದುಕೊಳ್ಳಬೇಕು ಎಂಬುದನ್ನು ವಿಚಾರಿಸುವುದು ಉಪಯುಕ್ತವೆಂದು ನಾವು ಭಾವಿಸಿದ್ದೇವೆ.

ಮೂರು ಗಡಿಯಾರಗಳು

ದೇಹವು ಶ್ರಮಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಅದರ ಎಲ್ಲ ಅಂಗಗಳೂ ಒಂದೇ ವೇಗದಿಂದ ಒಗ್ಗಿಕೊಳ್ಳುವುದಿಲ್ಲವೆಂಬುದು ಅಷ್ಟಾಗಿ ತಿಳಿದಿಲ್ಲ. ಹೃದಯ, ಸ್ನಾಯು, ಎಲುಬು ಇವು ಮೂರು ಬೇರೆ ಬೇರೆ ಗಡಿಯಾರಗಳನ್ನು ಅನುಸರಿಸುತ್ತವೆ.

ಎಲ್ಲಕ್ಕಿಂತ ಚುರುಕಾದುದು ರಕ್ತಪರಿಚಲನೆ. ನಿತ್ಯ ಓಡತೊಡಗಿದ ಒಂದೆರಡು ವಾರಗಳಲ್ಲಿಯೇ ರಕ್ತದಲ್ಲಿನ ದ್ರವಭಾಗ ಹೆಚ್ಚುತ್ತದೆ. ಹೃದಯವು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ದೂಡಬಲ್ಲುದಾಗುತ್ತದೆ. ಮೊದಲಿನ ಓಟಕ್ಕೆ ಮೊದಲಿನಷ್ಟು ಏದುಸಿರು ಬರುವುದಿಲ್ಲ. ಎರಡನೆಯದು ಸ್ನಾಯು. ಕಸರತ್ತಿನ ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚಿದಂತೆ ತೋರಿದರೂ ಸ್ನಾಯುವು ಅಷ್ಟಾಗಿ ದಪ್ಪಗೊಂಡಿರುವುದಿಲ್ಲ; ಇರುವ ತಂತುಗಳನ್ನು ಒಟ್ಟಾಗಿ ದುಡಿಸುವುದನ್ನು ನರಮಂಡಲವು ಕಲಿತಿರುತ್ತದೆ, ಅಷ್ಟೆ. ಸ್ನಾಯು ನಿಜವಾಗಿ ಬೆಳೆಯಲು ಇನ್ನೂ ಕೆಲವು ವಾರಗಳು ಬೇಕು. ಮೂರನೆಯದಾದ ಎಲುಬಿನ ಗಡಿಯಾರವಂತೂ ಬಲು ನಿಧಾನ. ಅದು ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತದೆ.

ಅಪಾಯವಿರುವುದು ಈ ಅಂತರದಲ್ಲಿಯೇ. ಮೂರನೆಯ ವಾರದ ಹೊತ್ತಿಗೆ ತರುಣನ ಉಸಿರು ಹದಕ್ಕೆ ಬಂದಿರುತ್ತದೆ, ಕಾಲಿಗೆ ಕಸುವು ಬಂದಿರುತ್ತದೆ. ‘ಇನ್ನು ನನಗೆ ಏನೂ ಭಯವಿಲ್ಲ’ ಎಂದುಕೊಂಡು ಅವನು ಹಿಂದಿಗಿಂತ ಹೆಚ್ಚು ಓಡುತ್ತಾನೆ. ಆ ಭಾರವನ್ನೆಲ್ಲ ಹೊರಬೇಕಾದ ಎಲುಬು ಮಾತ್ರ ಅದೇ ವೇಳೆಗೆ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ.

ಎಲುಬಿನೊಳಗಿನ ಗೌಂಡಿಗಳು

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಓಡುವವನ ವೇಗ ಗಂಟೆಗೆ ಹದಿನೇಳೂವರೆ ಕಿಲೋಮೀಟರು ಆಗುತ್ತದೆ. ಅವನು ಹಾಕುವ ಹೆಜ್ಜೆ ಸುಮಾರು ಒಂದು ಸಾವಿರ. ಓಡುವಾಗ ಒಂದೊಂದು ಹೆಜ್ಜೆಯಲ್ಲಿಯೂ ಕಾಲಿನ ಮೇಲೆ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. 60 ಕಿಲೋಗ್ರಾಂ ತೂಕದವನಿಗೆ ಇದು ಹೆಜ್ಜೆಗೆ 150 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಆ ಒಂದು ಓಟದಲ್ಲಿ ಎರಡು ಕಾಲುಗಳೂ ಸೇರಿ ತಡೆದುಕೊಂಡ ಭಾರಗಳ ಮೊತ್ತ 150 ಟನ್ನು. ಇನ್ನು ಕವಾಯತು. ತ್ವರಿತ ನಡೆಯಲ್ಲಿ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಅಂಗುಲ. ಒಂದು ಗಂಟೆಯ ನಡೆಗೆ 7,200 ಹೆಜ್ಜೆಗಳಾದವು. ಹಿಮ್ಮಡಿಯನ್ನು ಬಲವಾಗಿ ನೆಲಕ್ಕೆ ಅಪ್ಪಳಿಸುವ ಪದ್ಧತಿಯಿಂದ ಉಂಟಾಗುವ ಆಘಾತ ಇದಕ್ಕೆ ಹೊರತಾದುದು.

ಎಲುಬು ಕಲ್ಲಿನಂತೆ ಜಡವಾದ ವಸ್ತುವಲ್ಲ. ಪದೇ ಪದೇ ಬೀಳುವ ಭಾರದಿಂದ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬಿರುಕುಗಳು ಮೂಡುತ್ತವೆ. ಅವುಗಳನ್ನು ದುರಸ್ತಿ ಮಾಡುವುದಕ್ಕಾಗಿ ಎಲುಬಿನಲ್ಲಿಯೇ ಎರಡು ಬಗೆಯ ಜೀವಕೋಶಗಳಿವೆ. ಬಿರುಕು ಬಿಟ್ಟ ಗೋಡೆಯನ್ನು ಸರಿಪಡಿಸುವ ಗೌಂಡಿಯು ಮೊದಲು ಸಡಿಲವಾದ ಕಲ್ಲುಗಳನ್ನು ಕಿತ್ತು ಹಾಕಿ, ಅನಂತರ ಹೊಸ ಕಲ್ಲನ್ನು ಕೂಡಿಸುತ್ತಾನಷ್ಟೆ? ಹಾಗೆಯೇ ಇಲ್ಲಿಯೂ ಒಂದು ಬಗೆಯ ಕೋಶಗಳು ಕೆಟ್ಟ ಭಾಗವನ್ನು ಕರಗಿಸಿ ಗುಳಿ ತೋಡುತ್ತವೆ. ಇನ್ನೊಂದು ಬಗೆಯವು ಆ ಗುಳಿಯನ್ನು ಹೊಸ ಎಲುಬಿನಿಂದ ತುಂಬುತ್ತವೆ. ತೋಡುವ ಕೆಲಸಕ್ಕೆ ಸುಮಾರು ಮೂರು ವಾರ ಹಿಡಿದರೆ ತುಂಬುವ ಕೆಲಸಕ್ಕೆ ಸುಮಾರು ಮೂರು ತಿಂಗಳು ಬೇಕು. ಎಂದರೆ, ಶ್ರಮವನ್ನು ಒಮ್ಮೆಲೇ ಹೆಚ್ಚಿಸಿದಾಗ ಎಲುಬು ಗಟ್ಟಿಯಾಗುವ ಮೊದಲು ಕೆಲವು ವಾರ ಇನ್ನಷ್ಟು ದುರ್ಬಲವಾಗುತ್ತದೆ. ಕಲ್ಲು ಕಿತ್ತ ಗೋಡೆಯ ಮೇಲೆ ಅದೇ ಸಮಯದಲ್ಲಿ ಮಾಳಿಗೆಯ ಭಾರ ಹೇರಿದರೆ ಏನಾದೀತು? ಸೂಕ್ಷ್ಮ ಬಿರುಕುಗಳು ಒಂದಕ್ಕೊಂದು ಕೂಡಿ ಎಲುಬು ನಿಜವಾಗಿ ಸೀಳುತ್ತದೆ.

ಸೈನ್ಯಗಳಿಗೆ ಈ ಪೀಡೆ ಹಳೆಯದು. ಪ್ರಷ್ಯದ ಸೈನ್ಯವೈದ್ಯನಾದ ಬ್ರೈಟ್‌ಹೌಪ್ಟ್ ಎಂಬಾತನು 1855ರಲ್ಲಿ, ದೂರ ನಡೆದ ಸೈನಿಕರ ಪಾದಗಳು ಊದಿಕೊಂಡು ನೋಯುವುದನ್ನು ವರ್ಣಿಸಿದನು. ಕಾರಣ ಮಾತ್ರ ಆಗ ತಿಳಿದಿರಲಿಲ್ಲ. 1895ರಲ್ಲಿ ಎಕ್ಸ್ ಕಿರಣಗಳ ಶೋಧವಾಯಿತು. ಎರಡು ವರ್ಷಗಳಲ್ಲಿಯೇ ಆ ಕಿರಣಗಳ ಸಹಾಯದಿಂದ, ಊದಿದ ಪಾದಗಳಲ್ಲಿ ಅಂಗಾಲಿನ ನೀಳ ಎಲುಬುಗಳು ಮುರಿದಿರುವುದು ಕಂಡುಬಂದಿತು. ಬಿದ್ದುದರಿಂದಲ್ಲ, ಪೆಟ್ಟು ತಗುಲಿದುದರಿಂದಲ್ಲ, ಕೇವಲ ನಡಿಗೆಯಿಂದ ಆದ ಮುರಿತವಿದು. ಇಂದಿಗೂ ಪ್ರಪಂಚದ ಎಲ್ಲ ಸೈನ್ಯಗಳಲ್ಲಿ ಹೊಸಬರನ್ನು ಹಾಸಿಗೆ ಹಿಡಿಸುವ ಮುಖ್ಯ ಕಾರಣಗಳಲ್ಲಿ ಇದು ಒಂದು. ಹೆಚ್ಚಾಗಿ ಇದು ಕಣಕಾಲಿನ ಎಲುಬಿನಲ್ಲಿಯೂ ಪಾದದಲ್ಲಿಯೂ ಆಗುತ್ತದೆ. ತೊಡೆಯೆಲುಬಿನ ಕತ್ತಿನ ಭಾಗದಲ್ಲಿ ಆದರೆ ಬಹು ಗಂಭೀರ; ಅಲಕ್ಷಿಸಿದರೆ ಎಲುಬು ಪೂರ್ತಿ ತುಂಡಾಗಿ ಜೀವಮಾನವೆಲ್ಲ ಕುಂಟಬೇಕಾದೀತು.

ಹೆಣ್ಣುಮಕ್ಕಳಿಗೆ ಈ ಮಾತು ಇನ್ನೂ ಮುಖ್ಯ. 2021ರ ಮೇ 8ರಂದು ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 83 ಮಂದಿ ಮಹಿಳಾ ಸೈನಿಕರ ಮೊದಲ ತಂಡವು 61 ವಾರಗಳ ತರಬೇತಿಯನ್ನು ಮುಗಿಸಿ ಹೊರಬಂದಿತು. ಹೆಂಗಸರ ಎಲುಬುಗಳು ಸಾಮಾನ್ಯವಾಗಿ ತೆಳುವಾದುದರಿಂದ ಈ ಬಗೆಯ ಮುರಿತ ಅವರಲ್ಲಿ ಹೆಚ್ಚೆಂದು ಹಲವು ದೇಶಗಳ ಅನುಭವದಿಂದ ತಿಳಿದುಬಂದಿದೆ. ರಕ್ತಹೀನತೆಯಿದ್ದರೆ, ಮುಟ್ಟು ನಿಂತುಹೋದರೆ, ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು. ಊಟವು ಶ್ರಮಕ್ಕೆ ಸಾಲದಾದಾಗ ಮುಟ್ಟು ನಿಲ್ಲುವುದುಂಟು. ಆಗ ಎಲುಬೂ ಸೊರಗುತ್ತಿರುತ್ತದೆ.

ಮನೆಯಲ್ಲಿಯೇ ಆರಂಭಿಸಬೇಕಾದ ಸಿದ್ಧತೆ

ರೈತನು ಹೊಸ ಹೋರಿಯನ್ನು ಮೊದಲ ದಿನವೇ ತುಂಬಿದ ಬಂಡಿಗೆ ಹೂಡುವುದಿಲ್ಲ. ಬರಿಯ ನೊಗವನ್ನು ಹೊರಿಸಿ ಕೆಲವು ದಿನ ನಡೆಸುತ್ತಾನೆ, ಬಳಿಕ ಖಾಲಿ ಬಂಡಿ, ಬಳಿಕ ಹೇರು. ಸೈನ್ಯಕ್ಕೆ ಹೊರಡುವವನೂ ತನ್ನ ಕಾಲುಗಳನ್ನು ಹೀಗೆಯೇ ಪಳಗಿಸಬೇಕು. ಎಲುಬಿನ ದುರಸ್ತಿಗೆ ಮೂರು ತಿಂಗಳು ಬೇಕೆಂದು ಮೇಲೆ ಹೇಳಿದೆವು. ಆದುದರಿಂದ ಸಿದ್ಧತೆಯೂ ಕನಿಷ್ಠ ಮೂರು ತಿಂಗಳಾದರೂ ಮೊದಲೇ ಆರಂಭವಾಗಬೇಕು. ಭರ್ತಿಯ ಪ್ರಕಟಣೆ ಬಂದ ಮೇಲೆ ಹದಿನೈದು ದಿನ ಹುಚ್ಚೆದ್ದು ಓಡುವುದು ಕೆಟ್ಟ ಪದ್ಧತಿ. ವಾರದಿಂದ ವಾರಕ್ಕೆ ಓಟದ ಒಟ್ಟು ದೂರವನ್ನು ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸದಿರುವುದು ಒಳ್ಳೆಯ ಅಳತೆಗೋಲು. ವಾರಕ್ಕೊಂದು ದಿನ ಪೂರ್ತಿ ವಿರಾಮವಿರಲಿ. ಆಯ್ಕೆಯಾದ ಮೇಲೆ ಕರೆ ಬರುವ ತನಕ ಮನೆಯಲ್ಲಿ ಸುಮ್ಮನೆ ಕುಳಿತವನು ಗಳಿಸಿದುದನ್ನು ಕಳೆದುಕೊಳ್ಳುತ್ತಾನೆ; ಆ ಕಾಲದಲ್ಲಿಯೂ ಅಭ್ಯಾಸವನ್ನು ಬಿಡಬಾರದು.

ಓಟವೊಂದೇ ಸಾಲದು. ಶಿಬಿರದಲ್ಲಿ ಬೂಟು ತೊಟ್ಟು, ಬೆನ್ನಿಗೆ ಹೊರೆ ಕಟ್ಟಿಕೊಂಡು ನಡೆಯುವುದೇ ಹೆಚ್ಚು. ಆದುದರಿಂದ ಕೊನೆಯ ಎರಡು ತಿಂಗಳು ವಾರಕ್ಕೆ ಎರಡು ಸಲವಾದರೂ ಗಟ್ಟಿಯಾದ ಬೂಟು ಹಾಕಿಕೊಂಡು ಐದಾರು ಕಿಲೋಮೀಟರು ನಡೆಯಬೇಕು. ಮೊದಲು ಬರಿ ಬೆನ್ನು, ಬಳಿಕ ನಾಲ್ಕೈದು ಕಿಲೋಗ್ರಾಂ ಹೊರೆ, ಹೀಗೆ ಮೆಲ್ಲಮೆಲ್ಲನೆ. ಬೂಟನ್ನು ಸಂಜೆಯ ಹೊತ್ತು ಕೊಳ್ಳುವುದು ಲೇಸು. ದಿನವಿಡೀ ನಿಂತು ನಡೆದ ಪಾದವು ಬೆಳಗಿಗಿಂತ ಸಂಜೆಗೆ ತುಸು ಊದಿರುತ್ತದೆ. ಬೆಳಿಗ್ಗೆ ಸರಿಯಾದುದು ಸಂಜೆಗೆ ಬಿಗಿಯಾದೀತು. ಬೊಬ್ಬೆ ಏಳುವುದಕ್ಕೆ ತೇವ ಮತ್ತು ತಿಕ್ಕಾಟಗಳೇ ಕಾರಣ. ಒಣಗಿದ, ಸುಕ್ಕಿಲ್ಲದ ಕಾಲುಚೀಲವು ಯಾವ ಮುಲಾಮಿಗಿಂತಲೂ ಮೇಲು.

ಆಹಾರದ ವಿಷಯದಲ್ಲಿ ವಿಜಯಪುರದ ಸೀಮೆಯವರು ಒಂದನ್ನು ಗಮನಿಸಬೇಕು. ಜೋಳದ ರೊಟ್ಟಿ ಶಕ್ತಿಯನ್ನು ಕೊಡುತ್ತದೆ, ಸಂಶಯವಿಲ್ಲ. ಆದರೆ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಜೋಳದಲ್ಲಿ ಬಹಳ ಕಡಿಮೆ. 100 ಗ್ರಾಮಿಗೆ 30 ಮಿಲಿಗ್ರಾಮಿನಷ್ಟೂ ಇಲ್ಲ. ರಾಗಿಯಲ್ಲಿ ಅದು 300 ಮಿಲಿಗ್ರಾಮಿಗೂ ಮಿಗಿಲು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 1,000 ಮಿಲಿಗ್ರಾಮಿಗೂ ಮೇಲು. ಸಂಕ್ರಾಂತಿಯ ಕಾಲದಲ್ಲಿ ಎಳ್ಳು ಹಚ್ಚಿ ಬಡಿಯುವ ಸಜ್ಜೆಯ ರೊಟ್ಟಿಯನ್ನು ತರುಣನಿಗಾಗಿ ವರ್ಷವಿಡೀ ಮಾಡಿದರೆ ತಪ್ಪಿಲ್ಲ. ಹಾಲು, ಮೊಸರು, ಬೇಳೆ, ಮೊಟ್ಟೆಗಳು ಅನುಕೂಲವಿದ್ದಷ್ಟು ಇರಲಿ. ಅಮೆರಿಕದ ನೌಕಾಪಡೆಗೆ ಸೇರಿದ ಹೆಣ್ಣುಮಕ್ಕಳಿಗೆ ಕ್ಯಾಲ್ಸಿಯಂ ಮತ್ತು ‘ಡಿ’ ಜೀವಸತ್ವವನ್ನು ಕೊಟ್ಟು ನೋಡಿದಾಗ ಇಂತಹ ಮುರಿತಗಳು ಐದನೆಯ ಒಂದು ಪಾಲು ಕಡಿಮೆಯಾದುವೆಂದು 2008ರಲ್ಲಿ ಪ್ರಕಟವಾಯಿತು. ‘ಡಿ’ ಜೀವಸತ್ವವನ್ನು ನಮ್ಮ ಚರ್ಮವು ಬಿಸಿಲಿನಿಂದ ತಾನೇ ತಯಾರಿಸಿಕೊಳ್ಳಬಲ್ಲುದು. ಹೊಲದಲ್ಲಿ ದುಡಿಯುವವನಿಗೆ ಅದರ ಕೊರತೆ ಅಷ್ಟಾಗಿ ಬಾಧಿಸದು. ಕೋಣೆಯಲ್ಲಿ ಕುಳಿತು ಪರೀಕ್ಷೆಗೆ ಓದುವವನಿಗೆ ಬಾಧಿಸೀತು. ಓಟದ ದಿನ ಕಸುವು ಬರಲೆಂದು ಅಂಗಡಿಯವರೋ ಗೆಳೆಯರೋ ಕೊಡುವ ಮಾತ್ರೆ, ಚುಚ್ಚುಮದ್ದುಗಳನ್ನು ಮಾತ್ರ ಮುಟ್ಟಲೇ ಬಾರದು. ಅವು ನೋವನ್ನು, ದಣಿವನ್ನು ಮರೆಸುತ್ತವೆಯೇ ಹೊರತು ನೀಗುವುದಿಲ್ಲ.

ಬಿಸಿಲಿಗೆ ಹೆದರದವನು ಬೆವರಿಗೆ ಹೆದರಬೇಕು

ವೈಶಾಖದ ಬಿಸಿಲಿನಲ್ಲಿ 40 ಡಿಗ್ರಿಯ ಮೇಲಿನ ಉಷ್ಣತೆಯನ್ನು ಕಂಡು ಬೆಳೆದ ಅಗರಖೇಡದ ತರುಣನು, 32 ಡಿಗ್ರಿಯ ಊರಿಗೆ ಹೋದಾಗ ‘ಇದೂ ಒಂದು ಸೆಕೆಯೇ?’ ಎಂದು ನಗಬಹುದು. ಆ ನಗುವಿನಲ್ಲಿ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಮೈ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆವಿಯಾಗುವುದರಿಂದ. ಒಂದು ಲೀಟರು ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಮೈಯಿಂದ ಒಯ್ಯುತ್ತದೆ. ವಿಜಯಪುರದ ಒಣ ಹವೆಯಲ್ಲಿ ಇದು ಸುಲಭವಾಗಿ ನಡೆಯುತ್ತದೆ. ಚಿಲ್ಕಾದಂತಹ ಸರೋವರದ ದಡದ ತೇವದ ಹವೆಯಲ್ಲಿಯೋ, ಬೆಳಗಾವಿಯ ಮಳೆಗಾಲದ ನಡುವಣ ಬಿಸಿಲಿನಲ್ಲಿಯೋ ಬೆವರು ಹನಿಹನಿಯಾಗಿ ನೆಲಕ್ಕೆ ಬೀಳುತ್ತದೆಯೇ ಹೊರತು ಆರುವುದಿಲ್ಲ. ಮೈಯಿಂದ ನೀರು ಹೋಯಿತು, ಶಾಖ ಮಾತ್ರ ಒಳಗೇ ಉಳಿಯಿತು.

ಅಮೆರಿಕದ ನೌಕಾ ಪದಾತಿಗಳ ಪ್ಯಾರಿಸ್ ಐಲೆಂಡ್ ಶಿಬಿರದಲ್ಲಿ 1950ರ ದಶಕದಲ್ಲಿ ಹೊಸಬರು ಬಿಸಿಲಿಗೆ ಕುಸಿದು ಬೀಳುವುದು ಹೆಚ್ಚಾದಾಗ, ಯಾಗ್ಲೋ ಮತ್ತು ಮಿನಾರ್ಡ್ ಎಂಬ ವಿಜ್ಞಾನಿಗಳು ಸೆಕೆಯನ್ನು ಅಳೆಯುವ ಹೊಸ ಮಾನವೊಂದನ್ನು ರೂಪಿಸಿದರು. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ನೂರರಲ್ಲಿ 70 ಪಾಲು, ಬಿಸಿಲಿನಲ್ಲಿಟ್ಟ ಕಪ್ಪು ಗೋಲಕ್ಕೆ 20 ಪಾಲು, ಸಾಧಾರಣ ಉಷ್ಣಮಾಪಕಕ್ಕೆ ಬರಿಯ 10 ಪಾಲು ಬೆಲೆಯಿದೆ. ಗಾಳಿಯ ತೇವಾಂಶ ಎಷ್ಟು ಮುಖ್ಯವೆಂಬುದು ಈ ಅಂಕೆಗಳಿಂದಲೇ ಸ್ಪಷ್ಟವಾಗುತ್ತದೆ.

ಹೊಸ ಹವೆಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಆಮೇಲೆ ಬೆವರು ಬೇಗ ಮೂಡುತ್ತದೆ, ಹೆಚ್ಚು ಮೂಡುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಈ ಎರಡು ವಾರ ಬಾಯಾರಿಕೆಯನ್ನು ತಡೆಹಿಡಿಯುವುದು ಶೌರ್ಯವಲ್ಲ. ಹಾಗೆಂದು ಕೊಡಗಟ್ಟಲೆ ನೀರು ಕುಡಿಯುವುದೂ ಅಪಾಯವೇ. ರಕ್ತದ ಉಪ್ಪು ತೆಳುವಾಗಿ ಮಿದುಳು ಊದಿಕೊಂಡು ಪ್ರಾಣವೇ ಹೋದ ಪ್ರಸಂಗಗಳುಂಟು. ಇಂತಹ ಘಟನೆಗಳ ಬಳಿಕ ಅಮೆರಿಕದ ಸೈನ್ಯವು 1998ರಲ್ಲಿ ತನ್ನ ನಿಯಮವನ್ನು ತಿದ್ದಿ, ಗಂಟೆಗೆ ಸುಮಾರು ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಕೂಡದೆಂದು ಗೊತ್ತುಮಾಡಿತು. ಮೂತ್ರವು ತೆಳು ಹಳದಿಯಾಗಿದ್ದರೆ ನೀರು ಸಾಕಾಗಿದೆಯೆಂದು ತಿಳಿಯಬಹುದು. ಅದು ಕರಿ ಚಹದ ಬಣ್ಣಕ್ಕೆ ತಿರುಗಿ, ಜೊತೆಗೆ ಸ್ನಾಯುಗಳು ವಿಪರೀತ ನೋಯುತ್ತಿದ್ದರೆ, ಸ್ನಾಯುಗಳೇ ಕರಗಿ ಮೂತ್ರಪಿಂಡಕ್ಕೆ ಹಾನಿಯಾಗುತ್ತಿರಬಹುದು; ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ನಿಂಬೆಗೆ ಹೆಸರಾದ ಇಂಡಿಯವರಿಗೆ ಪಾನಕದ ಮಹಿಮೆಯನ್ನು ಹೇಳಬೇಕಾಗಿಲ್ಲ. ಆದರೆ ಬೆವರಿನಲ್ಲಿ ಹೋದುದನ್ನು ತುಂಬಿಕೊಡುವುದು ನಿಂಬೆಯ ಹುಳಿಯಲ್ಲ, ಅದಕ್ಕೆ ಹಾಕಿದ ಚಿಟಿಕೆ ಉಪ್ಪು ಎಂಬುದು ನೆನಪಿರಲಿ.

ಓಡುತ್ತಿದ್ದವನು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ತೂರಾಡಿದರೆ ಅದನ್ನು ಸೋಮಾರಿತನವೆಂದೆಣಿಸಬಾರದು. ಮೈಯ ಉಷ್ಣತೆ 40 ಡಿಗ್ರಿ ದಾಟಿದಾಗ ಮಿದುಳು ಹೀಗೆ ಕೆಡುತ್ತದೆ. ಅವನನ್ನು ನೆರಳಿಗೆ ಸೇರಿಸಿ, ಬಟ್ಟೆ ಸಡಿಲಿಸಿ, ತಣ್ಣೀರಿನಲ್ಲಿ ಮುಳುಗಿಸಬೇಕು. ಅದಿಲ್ಲವಾದರೆ ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತಿರಬೇಕು. ವೈದ್ಯರಿಗೆ ಕೂಡಲೇ ಹೇಳಿ ಕಳುಹಿಸಬೇಕು; ಆದರೆ ತಣಿಸುವ ಕೆಲಸ ಅವರು ಬರುವ ತನಕ ಕಾಯುವಂತಹದಲ್ಲ. ಇಲ್ಲಿ ನಿಮಿಷಗಳ ಮೇಲೆ ಪ್ರಾಣ ನಿಂತಿರುತ್ತದೆ.

ಕಿವಿ, ನಿದ್ರೆ, ಮನಸ್ಸು

ಕವಾಯತಿನ ಅಪ್ಪಣೆಗಳು ಹಿಂದಿಯಲ್ಲಿರುತ್ತವೆ. ನಿಮಿಷಕ್ಕೆ 120 ಹೆಜ್ಜೆಯೆಂದರೆ ಹೆಜ್ಜೆಗೆ ಅರ್ಧ ಸೆಕೆಂಡು. ‘ದಾಹಿನೇ ಮುಡ್’ ಎಂಬುದನ್ನು ಕೇಳಿ, ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಆಮೇಲೆ ಬಲಕ್ಕೆ ಹೊರಳುವವನು ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ. ಅದಕ್ಕಾಗಿ ಬೈಗುಳನ್ನೂ ತಿನ್ನುತ್ತಾನೆ. ಇದು ಬುದ್ಧಿಯ ಕೊರತೆಯಲ್ಲ, ದಾರಿಯ ದೂರ. ‘ಸಾವಧಾನ್’, ‘ವಿಶ್ರಾಮ್’ ಮೊದಲಾದ ಇಪ್ಪತ್ತು ಮೂವತ್ತು ಅಪ್ಪಣೆಗಳನ್ನು ಊರಿನಲ್ಲಿಯೇ ಗೆಳೆಯನೊಬ್ಬನಿಂದ ಗಟ್ಟಿಯಾಗಿ ಕೂಗಿಸಿಕೊಂಡು, ಕಿವಿಯಿಂದ ನೇರವಾಗಿ ಕಾಲಿಗೆ ಇಳಿಯುವಷ್ಟು ಅಭ್ಯಾಸ ಮಾಡಿದರೆ ಅರ್ಧ ಕಷ್ಟ ಕಳೆಯಿತು.

ಸಿಕ್ಕ ನಿದ್ರೆಯನ್ನು ಹರಟೆಗಾಗಲಿ ಮೊಬೈಲಿಗಾಗಲಿ ಕೊಡಬಾರದು. ದೇಹದ ದುರಸ್ತಿ ಬಹುಮಟ್ಟಿಗೆ ನಡೆಯುವುದು ವಿಶ್ರಾಂತಿಯ ಹೊತ್ತಿನಲ್ಲಿ. ಇಸ್ರೇಲಿನ ಸೈನ್ಯದಲ್ಲಿ ಹೊಸಬರಿಗೆ ರಾತ್ರಿ ಆರು ಗಂಟೆಗಳ ನಿದ್ರೆಯನ್ನು ಕಡ್ಡಾಯ ಮಾಡಿ, ನಡಿಗೆಯ ಒಟ್ಟು ದೂರವನ್ನೂ ತಗ್ಗಿಸಿದಾಗ ಎಲುಬಿನ ಮುರಿತಗಳು ಅರ್ಧಕ್ಕಿಂತಲೂ ಕಡಿಮೆಯಾದುವು. ಮೊದಲ ಹದಿನೈದು ದಿನ ಮನೆಯ ನೆನಪು ಕಾಡುವುದು, ಊಟ ಸೇರದಿರುವುದು ಎಲ್ಲರಿಗೂ ಉಂಟು. ಪಕ್ಕದ ಹಾಸಿಗೆಯವನಿಗೂ ಅದೇ ಆಗುತ್ತಿರುತ್ತದೆ. ಅವನೊಡನೆ ಎರಡು ಮಾತನಾಡಿದರೆ ಇಬ್ಬರ ಭಾರವೂ ಇಳಿಯುತ್ತದೆ.

ಮುಚ್ಚಿಡಬಾರದ ನೋವು

ಕೊನೆಯದಾಗಿ ಹೇಳುವ ಮಾತೇ ಈ ಲೇಖನದಲ್ಲಿ ಮುಖ್ಯವಾದುದು. ತರಬೇತಿಯಲ್ಲಿ ನೋವು ಸಹಜ. ಆದರೆ ನೋವಿನಲ್ಲಿ ಎರಡು ಬಗೆಗಳಿವೆ. ತೊಡೆ, ಮೀನಖಂಡಗಳಲ್ಲೆಲ್ಲ ಹರಡಿಕೊಂಡು, ಎರಡು ಮೂರು ದಿನಗಳಲ್ಲಿ ಇಳಿಯುವುದು ಸ್ನಾಯುವಿನ ನೋವು, ಅದಕ್ಕೆ ಅಂಜಬೇಕಾಗಿಲ್ಲ. ಒಂದೇ ಬೆರಳಿನಿಂದ ತೋರಿಸಬಹುದಾದಂತಹ ಒಂದೇ ಸ್ಥಳದಲ್ಲಿ, ಎಲುಬಿನ ಮೇಲೆಯೇ, ದಿನದಿಂದ ದಿನಕ್ಕೆ ಹೆಚ್ಚುವುದು ಇನ್ನೊಂದು ಬಗೆಯದು. ಮೊದಲು ಅದು ಓಟದ ಕೊನೆಯಲ್ಲಿ ಬರುತ್ತದೆ, ಆಮೇಲೆ ಓಟದ ಆರಂಭದಲ್ಲಿ, ಆಮೇಲೆ ನಡೆಯುವಾಗ, ಕಡೆಗೆ ಮಲಗಿದಾಗಲೂ. ತೊಡೆಸಂದಿಯ ನೋವನ್ನಂತೂ ಒಂದು ದಿನವೂ ಸಹಿಸಿಕೊಂಡು ಓಡಬಾರದು. ಮೊದಲ ಎರಡು ಮೂರು ವಾರ ಎಕ್ಸ್ ಕಿರಣದ ಚಿತ್ರದಲ್ಲಿ ಏನೂ ಕಾಣದಿರಬಹುದು. ಚಿತ್ರ ಚೆನ್ನಾಗಿದೆಯೆಂದ ಮಾತ್ರಕ್ಕೆ ಎಲುಬು ಚೆನ್ನಾಗಿದೆಯೆಂದಲ್ಲ. ನೋವು ನಿಲ್ಲದಿದ್ದರೆ ಮತ್ತೆ ತೋರಿಸಿಕೊಳ್ಳಬೇಕು.

ತರುಣರು ಇದನ್ನು ಏಕೆ ಮುಚ್ಚಿಡುತ್ತಾರೆಂಬುದು ನಮಗೆ ತಿಳಿಯದ ವಿಷಯವಲ್ಲ. ಹೇಳಿದರೆ ತಂಡದಿಂದ ಹಿಂದೆ ಉಳಿಯಬೇಕಾದೀತು, ಹೇಡಿಯೆಂದಾರು, ಮನೆಗೆ ಕಳುಹಿಸಿಬಿಟ್ಟಾರು ಎಂಬ ಭಯ. ಊರವರೆಲ್ಲ ಹಾರ ಹಾಕಿ ಕಳುಹಿಸಿದ ಮಗನು ಕುಂಟುತ್ತ ಮರಳುವುದು ಹೇಗೆಂಬ ಸಂಕಟ. ಹೊಲವನ್ನು ಒತ್ತೆಯಿಟ್ಟು ಓದಿಸಿದ ತಂದೆಯ ಮುಖವೂ ಅವನ ಕಣ್ಣ ಮುಂದಿರುತ್ತದೆ. ಆದರೆ ಎಲುಬಿನ ಲೆಕ್ಕ ಬೇರೆ. ಮೊದಲ ವಾರದಲ್ಲಿ ಹೇಳಿದ ನೋವು ಬಹುಮಟ್ಟಿಗೆ ಕೆಲವು ವಾರಗಳ ವಿಶ್ರಾಂತಿಯಿಂದ ಗುಣವಾಗುತ್ತದೆ; ಮುಂದಿನ ತಂಡದೊಡನೆ ತರಬೇತಿಯನ್ನು ಮುಗಿಸಬಹುದು. ಮುಚ್ಚಿಟ್ಟ ನೋವು ಪೂರ್ತಿ ಮುರಿತವಾದ ಮೇಲೆ ಸೈನ್ಯವೂ ಹೋಯಿತು, ಹೊಲದ ಕೆಲಸಕ್ಕೆ ಬೇಕಾದ ಕಾಲೂ ಹೋಯಿತು.

ಆದುದರಿಂದ ಮಗನನ್ನು ಸೈನ್ಯಕ್ಕೆ ಕಳುಹಿಸುವ ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ‘ಹೆಸರು ತೆಗೆದುಕೊಂಡು ಬಾ’ ಎಂದು ಹರಸುವಾಗ, ‘ಕಾಲು ನೊಂದರೆ ವೈದ್ಯರಿಗೆ ಹೇಳು, ಒಂದು ತಿಂಗಳು ತಡವಾದರೆ ನಮಗೇನೂ ಬೇಸರವಿಲ್ಲ’ ಎಂಬ ಮಾತನ್ನೂ ಸೇರಿಸಿ ಹೇಳಿರಿ. ಆ ಮಾತು ಅವನ ಕಿವಿಯಲ್ಲಿದ್ದರೆ, ಹೇಳಬೇಕಾದ ದಿನ ಅವನು ಸುಮ್ಮನಿರಲಾರನು.